ಮೊದಲೇ ಬರೆದ ಪಂಚನಾಮೆ

ತೊಡೆಯ ಮೇಲಿದ್ದ ರಟ್ಟಿನ ಫೈಲು ಜೀಪಿನ ಕುಲುಕಾಟಕ್ಕೆ ಜಾರಿದಾಗಲೆಲ್ಲ ಆಮ್ರಪಾಲಿ ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿಯುತ್ತಿದ್ದಳು. ಒಳಗಿದ್ದದ್ದು ಮೂರು ಹಾಳೆ. ಆ ಮೂರು ಹಾಳೆಗಳಲ್ಲಿ ಇನ್ನೂ ನಡೆಯದಿದ್ದ ಒಂದು ಗಂಟೆಯ ವಿವರವಿತ್ತು. ಮಧ್ಯಾಹ್ನ ಹನ್ನೆರಡರಿಂದ ಒಂದರವರೆಗೆ ಔರಾದ ತಾಲೂಕಿನ ಡಾಬಕಾ ಗ್ರಾಮದಲ್ಲಿ ಆರೋಪಿ ರಾಹೀಲನು ತಾನಾಗಿ ಮುಂದೆ ನಡೆದು, ತನ್ನ ಅಕ್ಕನ ಮನೆಯ ಹಿಂದಿನ ಬೇವಿನ ಗಿಡವನ್ನು ತೋರಿಸಿ, ಅದರ ಬುಡದಿಂದ ಪೂರ್ವಕ್ಕೆ ಎರಡು ಅಡಿ ಅಂತರದಲ್ಲಿ ಒಂದೂವರೆ ಅಡಿ ಆಳ ಅಗೆದು, ಹಳದಿ ಬಟ್ಟೆಯಲ್ಲಿ ಸುತ್ತಿದ್ದ ಒಂದು ಜೊತೆ ಬೆಳ್ಳಿ ಕಡಗಗಳನ್ನು ಪಂಚರ ಸಮಕ್ಷಮ ತೆಗೆದುಕೊಟ್ಟಿದ್ದನು. ಪಂಚರಿಬ್ಬರೂ ಸಹಿ ಮಾಡಿದ್ದರು. ಈಗ ಗಂಟೆ ಹತ್ತು ಇಪ್ಪತ್ತು. ಜೀಪು ಭಾಲ್ಕಿಯನ್ನು ಬಿಟ್ಟು ಆರು ಕಿಲೋಮೀಟರು ಬಂದಿತ್ತು. ಪಂಚರಲ್ಲಿ ಒಬ್ಬನಾದ ಬಿಲಾಲ ಠಾಣೆಯ ಎದುರಿನ ತನ್ನ ಅಂಗಡಿಯಲ್ಲಿ ಚಹಾ ಸೋಸುತ್ತಿರಬೇಕು. ಇನ್ನೊಬ್ಬ ಅಡತಿ ಅಂಗಡಿಯಲ್ಲಿ ಚೀಲ ಹೊರುತ್ತಿರಬೇಕು. ಇಬ್ಬರಲ್ಲಿ ಯಾರೂ ಡಾಬಕಾ ಗ್ರಾಮವನ್ನು ಕಂಡವರಲ್ಲ.

ಸುಳ್ಳು ಬರೆಯುತ್ತಿದ್ದೇನೆಂದು ಬರೆಯುವಾಗ ಅನಿಸಿರಲಿಲ್ಲ. ಲೆಕ್ಕ ಬಿಡಿಸುವಾಗ ಉತ್ತರವನ್ನು ಮೊದಲು ನೋಡಿಕೊಂಡು ಆಮೇಲೆ ಹಂತಗಳನ್ನು ತುಂಬುವಂತೆ ಅನಿಸಿತ್ತು, ಅಷ್ಟೆ. ಬೀದರದ ದೊಡ್ಡ ಸಾಹೇಬರು ಸಂಜೆ ಐದಕ್ಕೆ ಪತ್ರಿಕೆಯವರನ್ನು ಕರೆದಿದ್ದರು. ಅಷ್ಟರೊಳಗೆ ಕಾಗದ ಅವರ ಮೇಜಿನ ಮೇಲಿರಬೇಕಿತ್ತು. ಎಲ್ಲರೂ ಹೀಗೇ ಬರೆಯುತ್ತಾರೆಂದು ಹೆಡ್ ಕಾನ್‌ಸ್ಟೇಬಲ್ ಸುಶೀಲಕುಮಾರ ಹೇಳಿದ್ದ. ಅವಳ ಪಿ.ಎಸ್.ಐ. ನೌಕರಿಗೆ ಎಂಟು ತಿಂಗಳು, ಪ್ರೊಬೇಶನ್ ಮುಗಿಯಲು ಇನ್ನೂ ಹದಿನಾರು. ಬೇವಿನ ಗಿಡವೆಂದು ರಾಹೀಲನೇ ಹೇಳಿದ್ದ. ಹಳದಿ ಬಟ್ಟೆಯೆಂದು ಅವನು ಹೇಳಿರಲಿಲ್ಲ. ಆ ಶಬ್ದ ಎಲ್ಲಿಂದ ಬಂತೆಂದು ಈಗ ಯೋಚಿಸಿದರೆ, ಠಾಣೆಯ ಮೇಜು ಒರೆಸುವ ಅರಿವೆ ಹಳದಿಯದು. ಬರೆಯುವಾಗ ಅದು ಅವಳ ಮೊಣಕೈ ಹತ್ತಿರ ಬಿದ್ದಿತ್ತು. ಒಂದು ಬಣ್ಣ ಎಷ್ಟು ಸಲೀಸಾಗಿ ಒಳಗೆ ಬಂದು ಕುಳಿತಿತೆಂಬುದು ಈಗ, ಕುಳಿತ ಮೇಲೆ, ಅವಳನ್ನು ಚುಚ್ಚತೊಡಗಿತು.

ರಾಹೀಲ ಅವಳ ಹಿಂದಿನ ಸೀಟಿನಲ್ಲಿ ಕಾನ್‌ಸ್ಟೇಬಲ್ಲಿನ ಪಕ್ಕ ಕೋಳ ಹಾಕಿಕೊಂಡು ಕುಳಿತಿದ್ದ. ಇಪ್ಪತ್ತಾರರ ವಯಸ್ಸು, ಪಂಪಿನ ಮೋಟಾರು ರಿಪೇರಿಯ ಕಸುಬು. ಮೆಹಕರದಲ್ಲಿ ಸಖುಬಾಯಿ ಎಂಬ ಒಂಟಿ ಮುದುಕಿ ತನ್ನ ಅಂಗಳದಲ್ಲಿ ತಲೆಯೊಡೆದು ಸತ್ತು ಬಿದ್ದದ್ದು ಒಂಬತ್ತು ದಿನದ ಹಿಂದೆ. ಅಂದು ಬೆಳಿಗ್ಗೆ ಅವಳ ಮೋಟಾರು ನೋಡಲು ಹೋದವನು ಇವನೊಬ್ಬನೇ. ಹಳೆಯ ಫೋಟೋದಲ್ಲಿ ಮುದುಕಿಯ ಕಾಲಿನಲ್ಲಿ ಕಾಣುತ್ತಿದ್ದ ಬೆಳ್ಳಿ ಕಡಗಗಳು ಇರಲಿಲ್ಲ. ಬಿದ್ದೂ ಸತ್ತಿರಬಹುದು, ಹೊಡೆದೂ ಸತ್ತಿರಬಹುದು ಎಂದು ವೈದ್ಯರು ಬರೆದಿದ್ದರು. ಕಡಗ ಇಲ್ಲದಿರುವುದರಿಂದ ಎರಡನೆಯದೇ ಸರಿಯೆಂದು ಠಾಣೆ ತೀರ್ಮಾನಿಸಿತ್ತು. ಕಡಗ ಎಲ್ಲಿ ಎಂದು ಆಮ್ರಪಾಲಿಯೇ ಕೇಳಿದ್ದಳು. "ಅಕ್ಕನ ಹತ್ರ ಅದಾವರಿ, ಅಜ್ಜೀನೇ..." ಎಂದು ಅವನು ಆರಂಭಿಸಿದ್ದ. "ಕೇಳಿದಷ್ಟೇ ಹೇಳು" ಎಂದಿದ್ದಳು. ಎಲ್ಲಿ ಹೂತಿದ್ದೀ ಎಂದು ಆಮೇಲೆ ಸುಶೀಲಕುಮಾರ ಕೇಳಿದ್ದ, ಒಂದು ಸಲವಲ್ಲ. ಎರಡನೆಯ ದಿನದ ಸಂಜೆ ರಾಹೀಲ ಬೇವಿನ ಗಿಡ ಎಂದ. 'ಅಜ್ಜೀನೇ' ಎಂಬುದರ ಮುಂದೆ ಏನಿತ್ತೆಂದು ಆಗ ಯಾರಿಗೂ ಬೇಕಾಗಿರಲಿಲ್ಲ. ನಮೂನೆಯ ಹಾಳೆಯಲ್ಲಿ ಅದಕ್ಕೆ ಜಾಗವೂ ಇರಲಿಲ್ಲ.

"ಪಂಚರು ಎಲ್ಲಿ ಸಿಗ್ತಾರ್ರಿ ಮೇಡಂ?" ಮುಂದಿನ ಸೀಟಿನಿಂದ ಇನ್ಸ್‌ಪೆಕ್ಟರ್ ನಿಜಾಮೋದ್ದೀನರು ತಿರುಗದೆಯೇ ಕೇಳಿದರು.

"ಅಲ್ಲೇ ಊರಾಗ ನೋಡ್ತೇನ್ರಿ ಸರ್."

ಅವರು ಮತ್ತೇನೂ ಕೇಳಲಿಲ್ಲ. ಕೇಳದೆ ಇರುವುದೇ ಅವರ ರೋಗವೆಂದು ಠಾಣೆಯಲ್ಲಿ ಹೇಳುತ್ತಿದ್ದರು. ಸಣ್ಣ ಕಾಗದವನ್ನೂ ಮೂರು ಸಲ ಓದದೆ ಸಹಿ ಮಾಡುವವರಲ್ಲ. ಅವರ ಮೇಜಿನ ಮೇಲೆ ಫೈಲುಗಳು ಬೆಳೆದು ಗೋಡೆಯಾಗಿದ್ದವು. ಅವರ ಜೊತೆಯವರೆಲ್ಲ ಮೇಲೆ ಹೋಗಿದ್ದರು. ಆರೋಪಿ ನೀರು ಕುಡಿಯುತ್ತಿದ್ದರೆ ಮುಖ ಬೇರೆ ಕಡೆ ತಿರುಗಿಸುತ್ತಿದ್ದರು. ತಿಂಗಳಿಗೊಮ್ಮೆ ಕಾರಣ ಹೇಳದೆ ಔರಾದಿಗೆ ಹೋಗಿಬರುತ್ತಿದ್ದರು. ಆಮ್ರಪಾಲಿಗೆ ಅವರ ಮೇಲೆ ಮರುಕವೂ ಸಿಟ್ಟೂ ಒಟ್ಟಿಗೆ ಬರುತ್ತಿದ್ದವು. ತಾನು ಇಂಥ ಅಧಿಕಾರಿಯಾಗಬಾರದು, ಚುರುಕಾಗಿರಬೇಕು ಎಂದು ಮೊದಲ ವಾರವೇ ನಿಶ್ಚಯಿಸಿಕೊಂಡಿದ್ದಳು. ಆ ಚುರುಕುತನ ಈಗ ತೊಡೆಯ ಮೇಲಿತ್ತು.

ಅವಳ ಹುಟ್ಟೂರು ಎಕಂಬಾಕ್ಕೆ ಒಡೆಯುವ ದಾರಿಯ ಫಲಕ ಬಂದು ಹೋಯಿತು. ಅವಳು ಆ ಕಡೆ ನೋಡಲಿಲ್ಲ. ನೋಡದಿದ್ದರೂ ಕೆಂಪು ಮಣ್ಣಿನ ತಿರುವು ಕಣ್ಣಿಗೆ ಬಿತ್ತು, ಅದರ ಹಿಂದೆ ಸಾಲೆಯ ಪಡಸಾಲೆ ಬಂತು, ಎಂಟು ವರ್ಷದ ಅವಳು ಪ್ರಗತಿ ಪತ್ರ ಹಿಡಿದು ನಿಂತಿದ್ದಳು. ಪಾಲಕರ ಸಹಿ ಇರಬೇಕಾದಲ್ಲಿ ನೀಲಿ ಹೆಬ್ಬೆಟ್ಟಿತ್ತು. ಗುರುಗಳು ಹಾಳೆಯನ್ನು ಎತ್ತಿ ಇಡೀ ತರಗತಿಗೆ ತೋರಿಸಿದರು. "ನೋಡ್ರಿ, ಗಣಿತದಾಗ ನೂರಕ್ಕ ನೂರು, ಅಪ್ಪಂದು ಹೆಬ್ಬೆಟ್ಟು." ನಲವತ್ತು ಮಕ್ಕಳು ನಕ್ಕರು. ನಗು ನೋಯಿಸಿದ್ದಕ್ಕಿಂತ ಒಗಟು ಹೆಚ್ಚು ನೋಯಿಸಿತ್ತು. ತಂದೆ ದತ್ತಾತ್ರಿಗೆ ಸಹಿ ಬರುತ್ತಿತ್ತು. ಅವಳು ಸಾಲೆಗೆ ಹೋಗುವ ಮುನ್ನ ಪಾಟಿಯ ಮೇಲೆ ಅವಳಿಗೆ ಮೊದಲು ಬರೆದು ತೋರಿಸಿದ್ದೇ ತನ್ನ ಸಹಿಯನ್ನು. 'ದ'ಕಾರವನ್ನು ದೊಡ್ಡದಾಗಿ ಸುತ್ತಿ, ಕೊನೆಯ ಗೆರೆಯನ್ನು ಬಾಲದಂತೆ ಎಳೆದು, ತಲೆ ಓರೆ ಮಾಡಿ ನೋಡುತ್ತಿದ್ದ. ಆ ಓಣಿಯಲ್ಲಿ ಸಹಿ ಬರುತ್ತಿದ್ದವನು ಅವನೊಬ್ಬನೇ. ಆಮೇಲೆ ಯಾವುದೋ ಒಂದು ದಿನ ನಿಲ್ಲಿಸಿಬಿಟ್ಟ. ಬ್ಯಾಂಕಿನಲ್ಲಿ, ರೇಶನ್ ಅಂಗಡಿಯಲ್ಲಿ, ಅವಳ ನೌಕರಿಯ ಕಾಗದದಲ್ಲಿ ಕೂಡ, ಹೆಬ್ಬೆರಳನ್ನು ಮಸಿಯ ಪೆಟ್ಟಿಗೆಗೆ ಒತ್ತಿ ಮುಂದೆ ಚಾಚುತ್ತಿದ್ದ. ಯಾಕೆಂದು ಕೇಳಿದರೆ, "ಬೆರಳು ಸುಳ್ಳು ಹೇಳಂಗಿಲ್ಲ ಬೇಟಿ" ಎಂದು ಎದ್ದು ಹೋಗುತ್ತಿದ್ದ. ತಾಯಿ ಅಂಜನಾಬಾಯಿ, ಕೇಳಬೇಡ ಎಂದು ಕಣ್ಣಲ್ಲೇ ಹೇಳುತ್ತಿದ್ದಳು.

ಔರಾದಿನ ಬಸ್ ನಿಲ್ದಾಣದ ಹತ್ತಿರ ಜೀಪನ್ನು ನಿಲ್ಲಿಸಲು ನಿಜಾಮೋದ್ದೀನರು ಹೇಳಿದರು. ಗಂಟೆ ಹನ್ನೊಂದು ಇಪ್ಪತ್ತೈದು. ಆರೋಪಿಗೆ ಚಹಾ ಕುಡಿಸಿರೆಂದು ಉಳಿದವರನ್ನು ಕಳಿಸಿ, ಒಂದು ಅಂಗಡಿಯ ಮೆಟ್ಟಿಲ ಕೆಳಗಿದ್ದ ಗಡಿಯಾರ ರಿಪೇರಿಯ ಮೇಜಿನತ್ತ ನಡೆದರು. ಆಮ್ರಪಾಲಿ ಜೀಪಿನಲ್ಲೇ ಉಳಿದಳು. ಮೇಜು ನಾಲ್ಕು ಹೆಜ್ಜೆಯಾಚೆಗಿತ್ತು, ಮಾತೆಲ್ಲ ಕೇಳಿಸುತ್ತಿತ್ತು. ಒಂದು ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡ ಬಡಕಲು ಮನುಷ್ಯ ತಲೆಯೆತ್ತದೆ ಕೈ ಚಾಚಿದ. ಇನ್ಸ್‌ಪೆಕ್ಟರು ಕೈಗಡಿಯಾರ ಬಿಚ್ಚಿ ಆ ಕೈಯಲ್ಲಿಟ್ಟರು.

"ಹಿಂದ ಬೀಳ್ತದೇನ್ರಿ ಮತ್ತ?"

"ಸ್ವಲ್ಪ ಬೀಳ್ತದ, ಅಮೀರ ಪಾಶಾ."

ಅವನು ಹಿಂಬದಿಯ ಮುಚ್ಚಳ ತೆಗೆದು ನೋಡಿದ, ಕಿವಿಗೆ ಹಿಡಿದ, ಗೋಡೆಯ ಗಡಿಯಾರದ ಜೊತೆ ಹೋಲಿಸಿದ. "ಬರಾಬರ್ ಅದರಿ ಸಾಹೇಬರ. ಹೋದ ತಿಂಗಳೂ ಬರಾಬರ್ ಇತ್ತು, ಅದರ ಹಿಂದಿನ ತಿಂಗಳೂ ಬರಾಬರ್. ಪೊಲೀಸರ ಘಡಿ ನೋಡ್ರಿ, ಅಂಜಿ ನಡೀತದ." ತನ್ನ ಮಾತಿಗೆ ತಾನೇ ನಕ್ಕ. ನಿಜಾಮೋದ್ದೀನರು ನಗಲಿಲ್ಲ. ಇನ್ನೊಮ್ಮೆ ನೋಡು ಎಂದರು. ಅಮೀರ ಪಾಶಾ, ಮಗುವಿನ ಹಟಕ್ಕೆ ಒಪ್ಪುವವನಂತೆ, ಇನ್ನೊಮ್ಮೆ ನೋಡಿದ.

ಹಿಂತಿರುಗಿ ಬಂದು ಅವರು ಜೀಪಿನ ನೆರಳಿನಲ್ಲಿ, ಅವಳ ಬಾಗಿಲಿಗೆ ಒರಗಿ ನಿಂತರು. ಮುಖ ರಸ್ತೆಯ ಕಡೆಗಿತ್ತು. ಮಾತು ಶುರುವಾದಾಗ ಅದು ತನ್ನ ಜೊತೆಗೆಂದು ತಿಳಿಯಲು ಆಮ್ರಪಾಲಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಇಪ್ಪತ್ತೆರಡು ವರ್ಷದ ಹಿಂದ ನಾ ಈ ಸೀಮೆದಾಗ ಹೊಸಾ ಪಿ.ಎಸ್.ಐ. ನಿಮ್ಮಂಗ. ಒಂದು ದರೋಡೆ ಆಗಿತ್ತು. ಕಾವಲುಗಾರನ ಕೈ ಮುರದಿದ್ರು. ಈ ಅಮೀರ ಪಾಶಾನ್ನ ಹಿಡದೆ. ಮಾಲು ಇಂವ ತೋರಿಸಿದ ಅಂತ ಪಂಚನಾಮಾ ಠಾಣಾದಾಗೇ ಕೂತು ಬರದೆ. ಪಂಚರು ಬೇಕಾಗಿತ್ತು. ಒಬ್ಬ ಮನುಷ್ಯಾ ಬ್ಯಾರೆ ಕೆಲಸಕ್ಕ ಬಂದು ಹೊರಗ ನಿಂತಿದ್ದ. ಸಹಿ ಬರ್ತದೇನು ಅಂದೆ. 'ಬರ್ತದರಿ ಸಾಹೇಬರ' ಅಂದ. ಎಷ್ಟು ಖುಷೀಲೆ ಅಂದಾ ಅಂದ್ರ... ಕುರ್ಚಿ ಕೊಟ್ಟೆ. ಅಂವಗ ಅದಕ್ಕೂ ಮೊದಲ ಯಾರೂ ಠಾಣಾದಾಗ ಕುರ್ಚಿ ಕೊಟ್ಟಿರಲಿಕ್ಕಿಲ್ಲ. ಅಂಚಿನ ಮ್ಯಾಲ ಕೂತು, ಭಾಳ ಚಂದಾಗಿ ಸಹಿ ಮಾಡಿದ."

ಒಂದು ಬಸ್ಸು ಹಾರ್ನ್ ಮಾಡುತ್ತ ಹೊರಗೆ ಬಂತು. ಅದು ದಾಟುವವರೆಗೆ ಅವರು ಕಾದರು.

"ಬೀದರ ಕೋರ್ಟಿನಾಗ ವಕೀಲ ಕೇಳಿದ, ಈ ಸಹಿ ನಿಂದೇನು ಅಂತ. 'ಹೌದರಿ, ನಂದೇ' ಅಂದ. ಹಂಗಾರ ಇದರಾಗ ಬರದದ್ದು ಕಣ್ಣಾರೆ ನೋಡೀ? ಅಂವ ನನ್ನ ಕಡೆ ನೋಡಿದ, ಭಾಳ ಹೊತ್ತು. ಸಹಿ ನಂದು ಅಂದಮ್ಯಾಲ ಬರದದ್ದು ಗೊತ್ತಿಲ್ಲ ಅಂತ ಹ್ಯಾಂಗ ಅಂತಾನ? 'ನೋಡೇನ್ರಿ' ಅಂದ. ಅಮೀರ ಪಾಶಾಗ ಏಳು ವರ್ಷ ಸಜಾ ಆತು. ಐದನೇ ವರ್ಷ ರಾಜ್ಯದ ಗಡಿಯಾಚೆಯ ಠಾಣಾದಿಂದ ಒಂದು ಪತ್ರ ಬಂತು, ಆ ದರೋಡೆ ನಾ ಮಾಡೇನಿ ಅಂತ ಅಲ್ಲಿ ಒಬ್ಬ ಒಪ್ಪಿಕೊಂಡಾನ ಅಂತ. ನನ್ನ ಹೆಸರಿಗೇ ಬಂದಿತ್ತು. ಮಡಚಿ ಇಟ್ಟೆ." ಅವರು ಗಡಿಯಾರದ ಪಟ್ಟಿಯನ್ನು ಬಿಗಿ ಮಾಡಿಕೊಂಡರು. "ಏಳರಾಗ ಐದು ತಪ್ಪಿನ್ವು. ಎರಡು ನನ್ನವು."

"ಅವಗ ಹೇಳಿಲ್ಲೇನ್ರಿ ಸರ್?"

"ಇಲ್ಲ. ಘಡಿ ಕೊಡ್ತೇನಿ. ಅಂವ ನೋಡ್ತಾನ."

"ಆ ಪಂಚನ ಹೆಸರೇನ್ರಿ?"

"ನಿಮ್ಮ ಸರ್ವಿಸ್ ಪುಸ್ತಕದಾಗ ಅದ," ಎಂದರು ನಿಜಾಮೋದ್ದೀನರು. "ತಂದೀ ಹೆಸರಿನ ಎದುರು."

ಪಾಟಿಯ ಮೇಲಿನ ದೊಡ್ಡ 'ದ'ಕಾರ ಅವಳ ಕಣ್ಣೆದುರು ಬಂದು ನಿಂತಿತು. ಕುರ್ಚಿಯ ಅಂಚಿನ ಮೇಲೆ ಕುಳಿತ ತಂದೆಯ ಬೆನ್ನು ಅವಳಿಗೆ ಸ್ಪಷ್ಟವಾಗಿ ಕಂಡಿತು. ಆ ಬೆನ್ನನ್ನು ಅವಳು ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ತಾನು ಪಿ.ಎಸ್.ಐ. ಆದ ದಿನ ಪರೇಡ್ ಮೈದಾನದ ಕುರ್ಚಿಯಲ್ಲಿ ಕಂಡಿದ್ದಳು. ಎಲ್ಲಿಯೂ ಅವನು ಹಿಂದಕ್ಕೆ ಒರಗಿದ್ದಿಲ್ಲ. ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಬೆಳಿಗ್ಗೆ ಬಿಲಾಲನಿಗೆ ತಾನೂ ಒಂದು ಕುರ್ಚಿ ಕೊಟ್ಟಿದ್ದೆ ಎಂಬುದಷ್ಟೇ ನೆನಪಾಯಿತು.

"ಅವರು ಈಗ ಸಹಿ ಮಾಡಂಗಿಲ್ರಿ ಸರ್," ಎಂದಳು. "ಹೆಬ್ಬೆಟ್ಟು ಒತ್ತತಾರ."

ಈ ಸಂಗತಿ ಅವರಿಗೆ ತಿಳಿದಿರಲಿಲ್ಲ. ಮೊದಲ ಸಲ ಅವಳ ಕಡೆ ತಿರುಗಿ ನೋಡಿದರು. ಅಷ್ಟರಲ್ಲಿ ಸುಶೀಲಕುಮಾರ ಬಾಯಿ ಒರೆಸಿಕೊಳ್ಳುತ್ತ ಬಂದ.

ಡಾಬಕಾ ತಲುಪಿದಾಗ ಹನ್ನೆರಡು ನಲವತ್ತು. ಹಾಳೆಯ ಪ್ರಕಾರ ಅಗೆಯುವುದು ಮುಗಿದು ಕಡಗ ತೂಗುವ ಹೊತ್ತು. ಬೇವಿನ ಗಿಡ ಮನೆಯ ಹಿಂದೆ ಇರಲಿಲ್ಲ, ಮುಂದೆ ಇತ್ತು. ರಾಹೀಲನ ಅಕ್ಕ ಅರ್ಶಿಯಾ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತವಳು, ತಮ್ಮನ ಕೈಯ ಕೋಳ ಕಂಡು ಬುಟ್ಟಿಯನ್ನು ಕೆಳಗಿಟ್ಟಳು. ಎಲ್ಲಿ ತೋರಿಸು ಎಂದು ಸುಶೀಲಕುಮಾರ ಗದರಿದ. ರಾಹೀಲ ಗಿಡವನ್ನು ಒಂದು ಸುತ್ತು ನೋಡಿದ. ಪರೀಕ್ಷೆಯಲ್ಲಿ ಓದದ ಪಾಠ ಬಂದವನ ಮುಖ. "ಎಲ್ಲಿ ಹೇಳ್ತೀರಿ ಅಲ್ಲಿ ತೋರಸ್ತೇನ್ರಿ," ಎಂದ. ವ್ಯಂಗ್ಯವಿರಲಿಲ್ಲ, ಉಪಕಾರ ಮಾಡುವ ದನಿಯಿತ್ತು. ಪೂರ್ವಕ್ಕೆ ಎರಡು ಅಡಿ ಎಂದು ಆಮ್ರಪಾಲಿಯ ಬಾಯಿಯ ತುದಿಗೆ ಬಂದು ನಿಂತಿತು. ಕಾನ್‌ಸ್ಟೇಬಲ್ ತನಗೆ ತೋಚಿದಲ್ಲಿ ಅಗೆದ. ಒಂದೂವರೆ ಅಡಿ ಹೋಯಿತು, ಎರಡಾಯಿತು. ಬೇರು, ಕಲ್ಲು, ಒಂದು ಹಸಿರು ಬಳೆಯ ಚೂರು.

"ಏನ್ ಹುಡಕ್ತೀರ್ರಿ ಸಾಹೇಬರ?" ಎಂದು ಅರ್ಶಿಯಾ ಕೇಳಿದಳು.

"ಸಖುಬಾಯಿ ಕಡಗ," ಎಂದರು ನಿಜಾಮೋದ್ದೀನರು.

ಅವಳು ಒಳಗೆ ಹೋದಳು. ಪೆಟ್ಟಿಗೆ ತೆರೆದ ಸದ್ದಾಯಿತು. ಹೊರಗೆ ಬಂದಾಗ ಒಂದು ಕೈಯಲ್ಲಿ ಕಡಗಗಳಿದ್ದವು, ಇನ್ನೊಂದು ಕೈಯಲ್ಲಿ ಕಟ್ಟು ಹಾಕಿಸಿದ ಫೋಟೋ. "ಇವೇನ್ರಿ? ಬಾಯಿಲೆ ಕೇಳಿದ್ರ ಕೊಡ್ತಿದ್ದೆ. ನನ್ನ ಅಂಗಳ ಯಾಕ ಅಗದ್ರಿ? ಈಗ ಆ ತಗ್ಗು ಯಾರು ಮುಚ್ಚೋರು, ನಿಮ್ಮ ಸರ್ಕಾರೇನು?" ಅಷ್ಟು ಹೇಳಿದ ಮೇಲೆ ಅವಳ ದನಿ ಕುಸಿಯಿತು. "ಅಜ್ಜೀನೇ ಕೊಟ್ಟಾಳ್ರಿ. ನಾ ಮೆಹಕರದಾಗ ಅಕೀ ಬಾಜೂ ಮನಿಯಾಕಿ. ಸಣ್ಣಾಕಿದ್ದಾಗಿಂದ ಅಕೀ ಕೈಯಾಗ ಬೆಳದೇನಿ. ಹೋದ ವರ್ಷ ಶಾದಿಯಾಗ ನನ್ನ ಕಾಲಿಗೆ ತಾನೇ ತೊಡಿಸಿದ್ಳು. ಅಜ್ಜಿ ಹ್ಯಾಂಗ ಸತ್ತಳು, ಇಂವನ್ನ ಯಾಕ ಒಯ್ದ್ರಿ, ನನಗ ಯಾರೂ ಹೇಳಿಲ್ಲ."

ಫೋಟೋದಲ್ಲಿ ಮದುಮಗಳ ಕಾಲು ಸಣ್ಣ ಮಣೆಯ ಮೇಲಿತ್ತು, ಕಾಲಲ್ಲಿ ಅದೇ ಕಡಗ. ಪಕ್ಕದಲ್ಲಿ ಸಖುಬಾಯಿ ನೆಲದ ಮೇಲೆ ಕುಳಿತಿದ್ದಳು. ಮುದುಕಿಯ ಕಾಲು ಬರಿದಾಗಿತ್ತು. ಕಡಗವಿದ್ದ ಜಾಗದಲ್ಲಿ ಚರ್ಮ ಉಂಗುರದಂತೆ ಬೆಳ್ಳಗಿತ್ತು. ಕಳವು ಆಗಿರಲೇ ಇಲ್ಲ. ಕಳವಿಲ್ಲದಿದ್ದರೆ ಕೊಲೆಗೆ ಕಾರಣವಿಲ್ಲ. ಒಂದು ಸಂಖ್ಯೆ ತಪ್ಪಿದಾಗ ಕೆಳಗಿನ ಸಾಲುಗಳೆಲ್ಲ ಒಂದೊಂದಾಗಿ ತಪ್ಪುವುದನ್ನು ಅವಳು ನೋಡುತ್ತ ನಿಂತಳು. ಮೊದಲ ಸಾಲಿನಲ್ಲಿ ಅವಳದೇ ಮಾತಿತ್ತು: ಕೇಳಿದಷ್ಟೇ ಹೇಳು.

ಸುಶೀಲಕುಮಾರ ಅವಳನ್ನು ಜೀಪಿನ ಮರೆಗೆ ಕರೆದ. ಅವನು ಕೆಟ್ಟವನಲ್ಲ, ಅವಳಿಗೆ ಮನೆಯಿಂದ ರೊಟ್ಟಿ ತಂದುಕೊಡುತ್ತಿದ್ದವನು. "ಮೇಡಂರಿ, ವಸ್ತು ಸಿಕ್ತಲ್ಲ. ತಗ್ಗೂ ತಯಾರದ. ಒಳಗಿಟ್ಟು ಒಂದು ಫೋಟೋ ಹೊಡೀತೇನಿ. ಕಾಗದಾನೂ ತಯಾರದ. ಆ ಹುಡುಗಿ ಫೋಟೋ ತರೋದಿದ್ರ ಕೋರ್ಟಿಗೆ ತರಲಿ, ಅದು ವಕೀಲರ ಕೆಲಸ. ನಮ್ಮದು ಸಂಜಿ ಐದರ ಕೆಲಸ." ಹಾಗೆ ಮಾಡಿದರೆ ಏನಾಗುವುದೆಂದು ಅವಳಿಗೆ ತಿಳಿದಿತ್ತು. ಅರ್ಶಿಯಾಳ ಫೋಟೋ ಒಂದು ಕಡೆ, ಬಿಲಾಲನ ಸಹಿ ಇನ್ನೊಂದು ಕಡೆ. ಸಹಿ ನಿನ್ನದೇನು ಎಂದು ಕೇಳುವರು. ನಂದೇ ಎಂದು ಬಿಲಾಲ ಹೇಳುವನು.

ಆಗ ಅವಳ ಫೋನು ರಿಂಗಾಯಿತು. ಬೀದರದಿಂದ.

"ಸಿಕ್ಕಾವೇನ್ರಿ?" ಎಂದರು ದೊಡ್ಡ ಸಾಹೇಬರು.

"ಸಿಕ್ಕಾವರಿ ಸರ್. ಆದ್ರ ಕಳವಾಗಿರಲಿಲ್ರಿ. ಸತ್ತಾಕಿ ಹೋದ ವರ್ಷವೇ ಇವರಿಗೆ ಕೊಟ್ಟಾಳ. ಫೋಟೋ ಅದರಿ."

ಆ ಕಡೆ ಫ್ಯಾನಿನ ಸದ್ದು ಕೇಳಿಸುತ್ತಿತ್ತು. "ನೀವು ಇನ್ನೂ ಪ್ರೊಬೇಶನ್‌ನಾಗ ಇದ್ದೀರಲ್ಲ?"

"ಹೌದರಿ ಸರ್."

ಫೋನು ಕಟ್ಟಾಯಿತು. ಅವಳು ಫೈಲನ್ನು ತೆಗೆದುಕೊಂಡು ಹೋಗಿ, ಅಂಗಳದ ಹೊರಸಿನ ಮೇಲೆ ಕುಳಿತಿದ್ದ ನಿಜಾಮೋದ್ದೀನರ ಮುಂದೆ ಮೂರು ಹಾಳೆಗಳನ್ನು ಇಟ್ಟಳು. ಅವರು ಮುಟ್ಟಲಿಲ್ಲ.

"ಬಿಲಾಲ ಮುಂಜಾನೆ ಚಹಾ ಕೊಡುವಾಗಲೇ ಹೇಳಿದ," ಎಂದರು. "ಇವತ್ತಿನ ದಸ್ತಖತ್ ಆತ್ರಿ ಸಾಬ್ ಅಂದ."

"ಮತ್ತ ಯಾಕ ತಡೀಲಿಲ್ರಿ?"

"ತಡೀಬೇಕಾಗಿತ್ತು." ಹಾಳೆಗಳ ಕಡೆ ನೋಡಿ ಹೇಳಿದರು: "ಹರದು ಹಾಕಿದ್ರ ನಾ ನೋಡಿಲ್ಲ."

ಹರಿಯುವುದು ಸುಲಭವಿತ್ತು. ಹರಿದರೆ ಇನ್ನೊಂದು ಮಡಚಿಟ್ಟ ಪತ್ರವಾಗುತ್ತಿತ್ತು. ಅವಳು ಹೊಸ ಹಾಳೆ ತೆಗೆದಳು. ಪಂಚರು ಬೇಕಾಗಿತ್ತು. ಬದಿಯ ಮನೆಯ ಅಂಗನವಾಡಿ ಶಿಕ್ಷಕಿ ಶಶಿಕಲಾ ಬಂದಳು. ಗಿರಣಿಯ ಮಾಲೀಕ ಮೈಯ ಹಿಟ್ಟು ಕೊಡವಿಕೊಳ್ಳುತ್ತ ಬಂದ. "ನಾ ಓದದ ಸಹಿ ಮಾಡಂಗಿಲ್ಲ ನೋಡ್ರಿ ಮೇಡಂ, ಮೊದಲೇ ಹೇಳ್ತೇನಿ," ಎಂದಳು ಶಶಿಕಲಾ, ಜಗಳಕ್ಕೆ ಸಿದ್ಧಳಾಗಿ. "ನಾನೇ ಓದಿ ಹೇಳ್ತೇನ್ರಿ," ಎಂದಳು ಆಮ್ರಪಾಲಿ. ಸಮಯದ ಜಾಗ ಬಂದಾಗ ತಲೆಯೆತ್ತಿದಳು. ನಿಜಾಮೋದ್ದೀನರು ಗಡಿಯಾರ ಬಿಚ್ಚಿ ಹಾಳೆಯ ಪಕ್ಕಕ್ಕಿಟ್ಟರು. ಒಂದು ಗಂಟೆ ಹದಿನೆಂಟು ನಿಮಿಷ. ಗಿಡ ಮನೆಯ ಮುಂದಿದೆ ಎಂದು ಬರೆದಳು. ತಗ್ಗಿನಲ್ಲಿ ಏನೂ ಸಿಗಲಿಲ್ಲ ಎಂದು ಬರೆದಳು. ಕಡಗ ಪೆಟ್ಟಿಗೆಯಿಂದ ಬಂದದ್ದು, ಫೋಟೋದಲ್ಲಿ ಕಾಣುವುದು, ಕಾಣದಿರುವುದು. 'ಅಜ್ಜೀನೇ' ಎಂದು ಆರೋಪಿ ಠಾಣೆಯಲ್ಲಿಯೇ ಹೇಳತೊಡಗಿದ್ದನ್ನೂ, ಅದನ್ನು ತಾನು ಬರೆದುಕೊಳ್ಳಲಿಲ್ಲವೆಂಬುದನ್ನೂ ಬರೆದಳು. ಕೊನೆಗೆ, ಇದರ ಜೊತೆಗಿರುವ ಮೂರು ಹಾಳೆಗಳನ್ನು ಇಂದು ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಠಾಣೆಯಲ್ಲಿ ಕುಳಿತು, ಯಾವುದೂ ನಡೆಯುವ ಮುನ್ನ ತಾನೇ ಬರೆದಿರುವುದಾಗಿಯೂ, ಅವಕ್ಕೆ ಸಹಿ ಮಾಡಿದ ಪಂಚರ ತಪ್ಪು ಏನೂ ಇಲ್ಲವೆಂದೂ ಬರೆದಳು. ಅಕ್ಷರ ಬೆಳಗಿನಷ್ಟು ದುಂಡಗೆ ಬರಲಿಲ್ಲ. ಇಷ್ಟು ದಿನ ಎರಡು ಅಕ್ಷರದಲ್ಲಿ ಮುಗಿಯುತ್ತಿದ್ದ ತನ್ನ ಸಹಿಯ ಬದಲು ಆಮ್ರಪಾಲಿ ದತ್ತಾತ್ರಿ ಎಂದು ಪೂರ್ತಿ ಬರೆದಳು.

ನಿಜಾಮೋದ್ದೀನರು ಹಾಳೆ ತೆಗೆದುಕೊಂಡರು. ಒಂದೇ ಸಲ ಓದಿದರು. ಕೆಳಗೆ, ಮೂರು ಹಾಳೆಯ ವಿಷಯ ತಮಗೂ ಬೆಳಿಗ್ಗೆಯೇ ತಿಳಿದಿತ್ತು ಎಂದು ಒಂದು ಸಾಲು ಸೇರಿಸಿ ಸಹಿ ಹಾಕಿದರು. ರಾಹೀಲನ ಕೋಳ ಬಿಚ್ಚಲು ಹೇಳಿದರು. ನ್ಯಾಯಾಲಯ ಬಿಡುವವರೆಗೆ ಅವನು ಜೊತೆಗೆ ಬರಬೇಕಾಗಿತ್ತು. ಜೀಪು ಹತ್ತುವ ಮೊದಲು ಅವನು ಅಕ್ಕನ ಸಲಿಕೆ ತೆಗೆದುಕೊಂಡು ತಗ್ಗನ್ನು ಮುಚ್ಚಿ, ಮೇಲೆ ಕಾಲಿನಿಂದ ತುಳಿದು ಸಮ ಮಾಡಿದ.

ಔರಾದಿನಲ್ಲಿ ಜೀಪು ಮತ್ತೆ ನಿಂತಿತು. ಜೀಪು ಓಡಿಸುತ್ತಿದ್ದ ಸುಶೀಲಕುಮಾರ ಕನ್ನಡಿಯಲ್ಲಿ ಆಮ್ರಪಾಲಿಯನ್ನು ನೋಡಿ ಹುಬ್ಬು ಹಾರಿಸಿದ: ಒಂದೇ ದಿನದಲ್ಲಿ ಎರಡು ಸಲ. ಬೀದರದಲ್ಲಿ ಪತ್ರಿಕೆಯವರು ಬಂದು ಕೂರುವ ಹೊತ್ತು ಹತ್ತಿರವಾಗುತ್ತಿತ್ತು. ಅದರ ಫಲ ತನಗೆ ನಾಳೆಯೋ ನಾಡಿದ್ದೋ ತಲುಪುವುದೆಂದು ಅವಳಿಗೆ ಗೊತ್ತಿತ್ತು. ಹಿಂದಿನ ಸೀಟಿನಲ್ಲಿ ರಾಹೀಲ ಬರಿದಾದ ಮಣಿಕಟ್ಟನ್ನು ತಿಕ್ಕಿಕೊಳ್ಳುತ್ತಿದ್ದ. ನಿಜಾಮೋದ್ದೀನರು ಇಳಿದು, ಬಿಸಿಲಿನಲ್ಲಿ ಒಂದು ಕ್ಷಣ ನಿಂತು, ಮೆಟ್ಟಿಲ ಕೆಳಗಿನ ಮೇಜಿಗೆ ಹೋದರು. ಅಮೀರ ಪಾಶಾ ಕಣ್ಣಿನ ಗಾಜನ್ನು ತೆಗೆಯದೆಯೇ ಎಂದಿನಂತೆ ಕೈ ಚಾಚಿದ. ಅವರು ಗಡಿಯಾರ ಬಿಚ್ಚಲಿಲ್ಲ. ಗಿರಾಕಿಗಳಿಗೆಂದು ಇಟ್ಟಿದ್ದ ಸ್ಟೂಲನ್ನು ಎಳೆದುಕೊಂಡು, ಅದರ ಅಂಚಿನ ಮೇಲೆ ಕುಳಿತರು. ಚಾಚಿದ ಬರಿಗೈ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ಅಮೀರ ಪಾಶಾ ನಿಧಾನವಾಗಿ ತಲೆಯೆತ್ತಿದ.